ಹೊಳೆಯ ಕಲ್ಲಿಗೆ ಹೊಳಪು ಬೇಕೆ?

ತುಂಗೆಯ ನೀರು ತಗ್ಗಿದ ದಿನಗಳಲ್ಲಿ ಹರಿಹರಪುರದ ಕಡೆಗೋ, ಭದ್ರೆಯ ದಂಡೆಯ ಬಾಳೆಹೊನ್ನೂರಿಗೋ ಮಕ್ಕಳನ್ನು ಕರೆದುಕೊಂಡು ಹೋದ ಹಿರಿಯರಿಗೆಲ್ಲ ಇದು ಗೊತ್ತಿರುವ ಸಂಗತಿ. ವಾಪಸು ಬರುವಾಗ ಮಗುವಿನ ಜೇಬು ಜೋತುಬಿದ್ದಿರುತ್ತದೆ. ಒಳಗೆ ಕಲ್ಲುಗಳು! ಹಾಲಿನಂತೆ ಬಿಳಿಯದೊಂದು, ಬೆಲ್ಲದ ಬಣ್ಣದ್ದೊಂದು, ಕಪ್ಪಿನ ಮೇಲೆ ಬಿಳಿ ಗೆರೆ ಎಳೆದದ್ದೊಂದು. ಹೊಳೆಯಲ್ಲಿದ್ದಾಗ ಪಳಪಳನೆ ಮಿಂಚುತ್ತಿದ್ದ ಕಲ್ಲು ಮನೆಯ ಜಗಲಿಯ ಮೇಲೆ ಒಣಗಿದೊಡನೆ ಬೂದಿ ಬಳಿದಂತೆ ಮಂಕಾಗುತ್ತದೆ. ನೀರಿಗೆ ಅದ್ದಿದರೆ ಮತ್ತೆ ಹೊಳಪು. ಒಣಗಿದರೆ ಮತ್ತೆ ಮಂಕು.

ಈ ಹೊಳಪನ್ನು ಕಾಯಂ ಮಾಡಿಕೊಡುವ ಯಂತ್ರವೊಂದಿದೆ. ಅದರ ಹೆಸರು ರಾಕ್ ಟಂಬ್ಲರ್. ನಮ್ಮಲ್ಲಿ ಟಂಬ್ಲರ್ ಎಂದರೆ ಕಾಫಿ ಕುಡಿಯುವ ಲೋಟ. ಇಲ್ಲಿ ಅದಕ್ಕೆ ಉರುಳಿಸುವ ಸಾಧನ ಎಂದು ಅರ್ಥ. ಈಚಿನ ವರ್ಷಗಳಲ್ಲಿ ಆನ್‌ಲೈನ್ ಅಂಗಡಿಗಳಲ್ಲಿ ಇದು ವಿಜ್ಞಾನದ ಆಟಿಕೆಯೆಂದು ಮಾರಾಟವಾಗುತ್ತಿದೆ. ಡಬ್ಬದ ಮೇಲೆ ರತ್ನಗಳಂಥ ಕಲ್ಲುಗಳ ಚಿತ್ರ, ಬೆಲೆ ಸಾವಿರಗಳಲ್ಲಿ. ಹುಟ್ಟುಹಬ್ಬಕ್ಕೆ ಕೊಡಿಸಿ ಎಂದು ಮಕ್ಕಳು ಕೇಳುತ್ತಾರೆ. ಯಾವುದನ್ನು ಕೊಡಿಸಬೇಕೆಂದು ಅಪ್ಪ ಅಮ್ಮಂದಿರಿಗೆ ತಿಳಿಯುವುದಿಲ್ಲ. ತಪ್ಪಾಗಿ ಆರಿಸಿದರೆ ಹೋಗುವುದು ಹಣವಷ್ಟೇ ಆದರೆ ಚಿಂತೆಯಿಲ್ಲ. ಒಂದು ತಿಂಗಳು ಕಾದ ಮೇಲೂ ಕಲ್ಲು ಮಂಕಾಗಿಯೇ ಉಳಿದರೆ ಮಗುವಿನ ಕುತೂಹಲವೂ ಅಲ್ಲಿಗೇ ಮುಗಿಯುತ್ತದೆ. ಆದ್ದರಿಂದ ಮೊದಲು ಕಲ್ಲನ್ನು ಅರಿಯಬೇಕು, ಆಮೇಲೆ ತಾಳ್ಮೆಯನ್ನು ಪರೀಕ್ಷಿಸಬೇಕು. ಯಂತ್ರದ ಆಯ್ಕೆ ಕೊನೆಗೆ ಬರುವ ಮಾತು.

ಒದ್ದೆ ಕಲ್ಲು ಏಕೆ ಹೊಳೆಯುತ್ತದೆ?

ಹೈಸ್ಕೂಲಿನ ಮಕ್ಕಳು ಬೆಳಕಿನ ಪಾಠದಲ್ಲಿ ಇದರ ಉತ್ತರವನ್ನು ಓದಿರುತ್ತಾರೆ. ನಯವಾದ ಮೇಲ್ಮೈಗೆ ಬಿದ್ದ ಕಿರಣಗಳು ಒಂದೇ ದಿಕ್ಕಿಗೆ ಪ್ರತಿಫಲಿಸುತ್ತವೆ. ಒರಟು ಮೇಲ್ಮೈಗೆ ಬಿದ್ದವು ದಿಕ್ಕಾಪಾಲಾಗಿ ಚದುರುತ್ತವೆ. ನದಿಯ ಕಲ್ಲು ಕೈಗೆ ನುಣುಪಾಗಿದ್ದರೂ ಅದರ ಮೈತುಂಬ ಕಣ್ಣಿಗೆ ಕಾಣದ ಗುಳಿಗಳು. ನೀರು ಈ ಗುಳಿಗಳನ್ನು ತುಂಬಿ ಮೇಲೆ ಸಮನಾದ ಪೊರೆ ಕಟ್ಟುತ್ತದೆ. ಆಗ ಕಲ್ಲಿನ ನಿಜವಾದ ಬಣ್ಣ ಕಾಣುತ್ತದೆ. ನೀರು ಆರಿದರೆ ಗುಳಿಗಳು ಮತ್ತೆ ಬೆಳಕನ್ನು ಚದುರಿಸುತ್ತವೆ.

ಹಾಗಾದರೆ ಹೊಳಪು ಕೊಡುವುದೆಂದರೆ ಆ ಗುಳಿಗಳನ್ನು ಬೆಳಕಿನ ಅಲೆಯುದ್ದಕ್ಕಿಂತ ಚಿಕ್ಕದಾಗಿಸುವುದು. ಕಣ್ಣಿಗೆ ಕಾಣುವ ಬೆಳಕಿನ ಅಲೆಯುದ್ದ ಒಂದು ಮಿಲಿಮೀಟರಿನ ಸಾವಿರದ ಒಂದು ಭಾಗಕ್ಕಿಂತಲೂ ಕಡಿಮೆ. ಅಷ್ಟು ನಯ ಒಂದೇ ಸಲಕ್ಕೆ ಬರುವುದಿಲ್ಲ. ಮೆಟ್ಟಿಲು ಮೆಟ್ಟಿಲಾಗಿ ಬರಬೇಕು.

ನದಿಯೇ ಮೊದಲ ಯಂತ್ರ

ಶೃಂಗೇರಿಯ ವಿದ್ಯಾಶಂಕರ ದೇವಾಲಯದಲ್ಲಿ ಸಿಂಹದ ಬಾಯೊಳಗೆ ಉರುಳುವ ಕಲ್ಲುಗುಂಡನ್ನು ಬಹಳ ಮಂದಿ ನೋಡಿದ್ದೀರಿ. ಅದು ಉಳಿಯ ಕೆಲಸ. ಶಿಲ್ಪಿ ಬೇಕಾದ ಕಡೆ ಬೇಕಾದಷ್ಟೇ ಕಲ್ಲು ತೆಗೆದಿದ್ದಾನೆ. ದೇವಾಲಯದ ಪಕ್ಕದಲ್ಲೇ ಹರಿಯುವ ತುಂಗೆ ಉಳಿಯಿಲ್ಲದೆ ಕಲ್ಲನ್ನು ಗುಂಡಗೆ ಮಾಡುತ್ತಾಳೆ. ಉರುಳುವ ಕಲ್ಲಿನ ಮೂಲೆಗಳಿಗೆ ಪೆಟ್ಟು ಹೆಚ್ಚು, ಚಪ್ಪಟೆ ಭಾಗಕ್ಕೆ ಕಡಿಮೆ. ಆದ್ದರಿಂದ ಮೂಲೆಗಳು ಮೊದಲು ಸವೆಯುತ್ತವೆ. ನದಿತಳದ ಬಂಡೆಯಲ್ಲಿ ಒರಳಿನಂಥ ಗುಳಿಯಿದ್ದು ಅದರೊಳಗೆ ಸುಳಿಗೆ ಸಿಕ್ಕ ಕಲ್ಲುಗಳು ಸುತ್ತುತ್ತಿದ್ದರೆ, ಅದು ಪ್ರಕೃತಿಯೇ ಕಟ್ಟಿದ ಟಂಬ್ಲರ್.

ಮನುಷ್ಯ ಈ ಉಪಾಯವನ್ನು ಕಲಿತದ್ದು ಇಂದು ನಿನ್ನೆಯಲ್ಲ. ಗುಜರಾತಿನ ಖಂಭಾತ್‌ನಲ್ಲಿ ಅಗೇಟ್ ಕಲ್ಲಿನ ಮಣಿ ಮಾಡುವವರು ಹಿಂದೆ ಮಣಿಗಳನ್ನೂ ಸಾಣೆಪುಡಿಯನ್ನೂ ನೀರನ್ನೂ ಚರ್ಮದ ಚೀಲಕ್ಕೆ ತುಂಬಿ, ಬಾಯಿ ಬಿಗಿದು, ಇಬ್ಬರು ಎದುರುಬದುರು ಕುಳಿತು ದಿನಗಟ್ಟಲೆ ಅತ್ತಿಂದಿತ್ತ ಉರುಳಿಸುತ್ತಿದ್ದರು. ಇಂದಿನ ಯಂತ್ರ ಮಾಡುವುದೂ ಅದನ್ನೇ. ಚರ್ಮದ ಚೀಲದ ಬದಲಿಗೆ ರಬ್ಬರಿನ ಪೀಪಾಯಿ, ಇಬ್ಬರು ಆಳುಗಳ ಬದಲಿಗೆ ಒಂದು ಪುಟ್ಟ ಮೋಟರು ಬಂದಿದೆ, ಅಷ್ಟೆ.

ಮೊದಲು ಕಲ್ಲಿನ ಗುರುತು

ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ನೆಲ ಬಹಳ ಹಳೆಯದು. ಇಲ್ಲಿನ ಮೂಲಶಿಲೆಗಳ ವಯಸ್ಸು 250 ಕೋಟಿ ವರ್ಷಗಳಿಗೂ ಹೆಚ್ಚು. ಅದರೆ ಹಳೆಯ ಕಲ್ಲೆಲ್ಲ ಹೊಳಪಿಗೆ ಬರುವುದಿಲ್ಲ. ಜರ್ಮನಿಯ ಖನಿಜಶಾಸ್ತ್ರಜ್ಞ ಫ್ರೀಡ್ರಿಕ್ ಮೋಸ್ 1812ರಲ್ಲಿ ಹಾಕಿಕೊಟ್ಟ ಗಡಸುತನದ ಮಾಪಕ ಇಲ್ಲಿ ನಮ್ಮ ಕೈಪಿಡಿ. ಬಳಪಕ್ಕೆ 1, ವಜ್ರಕ್ಕೆ 10. ನಡುವೆ ಅಮೃತಶಿಲೆಯ ಖನಿಜಕ್ಕೆ 3, ಗ್ರಾನೈಟಿನಲ್ಲಿ ಕಾಣುವ ಫೆಲ್ಡ್‌ಸ್ಪಾರ್‌ಗೆ 6, ಬೆಣಚುಕಲ್ಲಿಗೆ 7. ನಮ್ಮ ಉಗುರಿನ ಗಡಸುತನ ಸುಮಾರು ಎರಡೂವರೆ, ಉಕ್ಕಿನ ಚಾಕುವಿನದು ಸುಮಾರು ಐದೂವರೆ. ಚಾಕುವಿನ ತುದಿಯಿಂದ ಗೀರಿ ನೋಡಿ. ಗೀರು ಬಿದ್ದರೆ ಮೆದು ಕಲ್ಲು. ಗೀರು ಬೀಳದೆ ಚಾಕುವಿನ ಲೋಹವೇ ಬೂದುಬಣ್ಣದ ಗೆರೆಯಾಗಿ ಅಂಟಿಕೊಂಡರೆ ಅದು ಗಡಸು ಕಲ್ಲು, ಯಂತ್ರಕ್ಕೆ ತಕ್ಕದ್ದು. ಈ ಪರೀಕ್ಷೆಯನ್ನು ಹಿರಿಯರು ಪಕ್ಕದಲ್ಲಿದ್ದಾಗಲೇ ಮಾಡಬೇಕು.

ನಮ್ಮ ಸುತ್ತ ಸಿಗುವ ಕಲ್ಲುಗಳನ್ನು ಹೀಗೆ ವಿಂಗಡಿಸಬಹುದು. ತೋಟದ ಮಣ್ಣಿನಲ್ಲಿ ಸಿಗುವ ಬಿಳಿಯ ಬೆಣಚುಕಲ್ಲು ಬಿರುಕಿಲ್ಲದಿದ್ದರೆ ಉತ್ತಮ. ನುಣ್ಣನೆಯ ಕಣಗಳ ಕರಿಕಲ್ಲೂ ಆಗಬಹುದು. ಕಂದು, ಕಪ್ಪು, ಬಿಳಿ ಪಟ್ಟೆಗಳ ಕಬ್ಬಿಣಯುಕ್ತ ಬೆಣಚುಶಿಲೆ ಸಿಕ್ಕರೆ ಬಹಳ ಚೆಂದ. ಭದ್ರೆ ಹುಟ್ಟಿ ಬರುವ ಕುದುರೆಮುಖದ ಬೆಟ್ಟಗಳಲ್ಲಿ 2005ರ ಕೊನೆಯವರೆಗೆ ಗಣಿಗಾರಿಕೆ ನಡೆದದ್ದು ಇಂಥ ಶಿಲೆಯಲ್ಲಿನ ಮ್ಯಾಗ್ನಟೈಟ್ ಅದಿರಿಗಾಗಿಯೇ. ಭದ್ರೆಯ ದಂಡೆಯ ಪಟ್ಟೆಕಲ್ಲಿಗೆ ಆಯಸ್ಕಾಂತ ಹಿಡಿದು ನೋಡಿ. ಸೆಳೆದರೆ ಗುರುತು ಸಿಕ್ಕಂತೆ.

ಬೇಡವಾದವು ಯಾವುವು? ಜಂಬಿಟ್ಟಿಗೆ ಕಲ್ಲು ಗೋಡೆಗೆ ಎಷ್ಟೇ ಗಟ್ಟಿಯಿದ್ದರೂ ಯಂತ್ರದಲ್ಲಿ ಕೆಸರಾಗುತ್ತದೆ. ಪದರ ಪದರವಾಗಿ ಏಳುವ ಕಲ್ಲು ಸಿಡಿದು ಚೂರಾಗುತ್ತದೆ. ಕಾಗೆಬಂಗಾರ ಮಿನುಗುವ ಒರಟು ಗ್ರಾನೈಟಿನಲ್ಲಿ ಮೆದುವಾದ ಕಾಗೆಬಂಗಾರ ಮೊದಲು ಉದುರಿ ಮೈಯೆಲ್ಲ ಗುಳಿಬೀಳುತ್ತದೆ. ವಿನೆಗರ್ ಹಾಕಿದಾಗ ನೊರೆಯುಕ್ಕುವ ಸುಣ್ಣಕಲ್ಲನ್ನೂ ಹಿತ್ತಾಳೆಯಂತೆ ಮಿನುಗುವ ಪೈರೈಟ್ ಇರುವ ಕಲ್ಲನ್ನೂ ದೂರವಿಡಿ. ಮುಚ್ಚಿದ ಪೀಪಾಯಿಯಲ್ಲಿ ಅನಿಲ ಹುಟ್ಟಿ ಮುಚ್ಚಳ ಹಾರಬಹುದು. ಒಂದು ಸಲಕ್ಕೆ ಒಂದೇ ಗಡಸುತನದ ಕಲ್ಲುಗಳನ್ನು ಹಾಕಬೇಕು ಎಂಬುದು ಮುಖ್ಯ ನಿಯಮ. ಗಡಸು ಕಲ್ಲಿನ ಜೊತೆ ಮೆದು ಕಲ್ಲು ಹಾಕಿದರೆ ಮೆದುವಿನದು ಪುಡಿಯಾಗುತ್ತದೆ.

ಯಂತ್ರಕ್ಕೆ ಮುಂಚೆ ನಾಲ್ಕು ಸಂಜೆ

ಸಾವಿರಾರು ರೂಪಾಯಿ ಖರ್ಚು ಮಾಡುವ ಮುಂಚೆ ಕೆಲವೇ ರೂಪಾಯಿಗಳ ಒಂದು ಪರೀಕ್ಷೆ ಮಾಡಿ. ಪೇಂಟ್ ಅಂಗಡಿಯಲ್ಲಿ ನೀರು ಹಾಕಿ ಉಜ್ಜುವ ವಾಟರ್ ಪೇಪರ್ ಸಿಗುತ್ತದೆ. 120, 220, 400, 1000 ನಂಬರಿನ ಒಂದೊಂದು ಹಾಳೆ ತನ್ನಿ. ನಂಬರು ಹೆಚ್ಚಿದಷ್ಟೂ ಅದರ ಕಣ ನಯ. ಟೈಲ್ಸ್ ಕೆಲಸದವರ ಹತ್ತಿರ ಅಮೃತಶಿಲೆಯ ಒಡಕು ಚೂರೊಂದನ್ನು ಕೇಳಿ ಪಡೆಯಿರಿ. ತಟ್ಟೆಯಲ್ಲಿ ನೀರಿಟ್ಟುಕೊಂಡು ಚೂರಿನ ಒಂದೇ ಮುಖವನ್ನು ದಿನಕ್ಕೊಂದು ನಂಬರಿನಂತೆ ಅರ್ಧ ಗಂಟೆ ಉಜ್ಜಲು ಮಗುವಿಗೆ ಹೇಳಿ. ಹಿಂದಿನ ಕಾಗದದ ಗೀರುಗಳು ಪೂರ್ತಿ ಹೋಗುವವರೆಗೆ ಮುಂದಿನದಕ್ಕೆ ಹೋಗಬಾರದು. ನಾಲ್ಕನೆಯ ಸಂಜೆ ಬಟ್ಟೆಯಲ್ಲಿ ಒರೆಸಿದರೆ ಒಣ ಕಲ್ಲೂ ನುಣ್ಣಗೆ ಮಿರುಗತೊಡಗುತ್ತದೆ.

ಆಮೇಲೆ ಅದೇ 120 ನಂಬರಿನ ಕಾಗದವನ್ನು ಬೆಣಚುಕಲ್ಲಿನ ಮೇಲೆ ಉಜ್ಜಲಿ. ಅರ್ಧ ಗಂಟೆ ಉಜ್ಜಿದರೂ ಹೆಚ್ಚೇನೂ ಆಗಿರುವುದಿಲ್ಲ. ಗಡಸುತನ 3ಕ್ಕೂ 7ಕ್ಕೂ ಇರುವ ಅಂತರವನ್ನು ಕೈ ತಾನಾಗಿ ಕಲಿಯುತ್ತದೆ. ಯಂತ್ರ ಏಕೆ ಬೇಕು, ತಿಂಗಳುಗಟ್ಟಲೆ ಏಕೆ ಓಡಬೇಕು ಎಂಬುದೂ ಅರ್ಥವಾಗುತ್ತದೆ. ನಾಲ್ಕು ಸಂಜೆಯೂ ಬೇಸರಿಸದೆ ಕುಳಿತ ಮಗುವಿಗೆ ಧೈರ್ಯವಾಗಿ ಯಂತ್ರ ಕೊಡಿಸಿ. ಎರಡನೆಯ ದಿನವೇ ಕಾಗದ ಮೂಲೆ ಸೇರಿದರೆ ಯಂತ್ರವೂ ಅಟ್ಟ ಸೇರುತ್ತದೆಂದು ತಿಳಿಯಿರಿ. ಒಂದು ವರ್ಷ ಬಿಟ್ಟು ನೋಡಿದರಾಯಿತು.

ಉರುಳುವುದೋ, ನಡುಗುವುದೋ?

ಈ ಯಂತ್ರಗಳಲ್ಲಿ ಎರಡು ಜಾತಿ. ಮೊದಲನೆಯದರಲ್ಲಿ ಎರಡು ದಂಡಗಳ ಮೇಲೆ ಅಡ್ಡಲಾಗಿ ಮಲಗಿದ ಪೀಪಾಯಿ ನಿಧಾನವಾಗಿ ಸುತ್ತುತ್ತದೆ. ಮಲೆನಾಡಿನ ಮನೆಗಳಲ್ಲಿ ಕೈಯಿಂದ ತಿರುಗಿಸಿ ಕಾಫಿಬೀಜ ಹುರಿಯುವ ಡ್ರಮ್ಮನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಎರಡನೆಯದರಲ್ಲಿ ಬಟ್ಟಲು ಸುತ್ತುವುದಿಲ್ಲ, ಗಡಗಡನೆ ನಡುಗುತ್ತದೆ. ಇದು ಬೇಗ ಕೆಲಸ ಮುಗಿಸುತ್ತದೆ. ಆದರೆ ಕಲ್ಲನ್ನು ಗುಂಡಗೆ ಮಾಡುವುದಿಲ್ಲ, ಬೆಲೆಯೂ ಹೆಚ್ಚು. ನೀರಿನ ಪ್ರಮಾಣವನ್ನು ದಿನಕ್ಕೆ ಹಲವು ಸಲ ನೋಡಿ ಸರಿಪಡಿಸುತ್ತಿರಬೇಕು. ಶಾಲೆಗೆ ಹೋಗುವ ಮಕ್ಕಳಿಗೆ ಇದು ಆಗದ ಮಾತು. ಹೊಸಬರಿಗೆ ಸುತ್ತುವ ಪೀಪಾಯಿಯೇ ಸರಿ.

ಪೀಪಾಯಿಯ ಗಾತ್ರ ಎಷ್ಟಿರಬೇಕು? ಸುಮಾರು ಒಂದೂವರೆ ಕಿಲೋ ಹಿಡಿಸುವಂಥದ್ದು ಸಾಕು. ಈ ತೂಕ ಸಾಮಾನ್ಯವಾಗಿ ಒಳಗೆ ಹಾಕುವ ಎಲ್ಲವೂ ಸೇರಿದ್ದು ಎಂಬುದು ನೆನಪಿರಲಿ. ಅರ್ಧ ಕಿಲೋದ ಪುಟಾಣಿ ಪೀಪಾಯಿಯಲ್ಲಿ ಕಲ್ಲಿನ ಮೇಲೆ ಕಲ್ಲಿನ ಭಾರ ಬೀಳುವುದೇ ಕಡಿಮೆ. ಆದ್ದರಿಂದ ಸವೆತ ಬಹಳ ನಿಧಾನ. ಐದಾರು ಕಿಲೋದ ದೊಡ್ಡದಕ್ಕೆ ಕಲ್ಲು, ಪುಡಿ ಎಲ್ಲವೂ ಹೆಚ್ಚು ಬೇಕು, ಎತ್ತಿ ತೊಳೆಯುವುದೂ ಮಕ್ಕಳ ಕೈಯಲ್ಲಾಗದು. ಸ್ವಲ್ಪ ಹೆಚ್ಚು ಹಣ ಹಾಕುವಂತಿದ್ದರೆ ಒಂದು ದೊಡ್ಡ ಪೀಪಾಯಿಗಿಂತ ಎರಡು ಚಿಕ್ಕ ಪೀಪಾಯಿಗಳಿರುವ ಯಂತ್ರ ಮೇಲು. ಒಂದನ್ನು ಒರಟು ಕೆಲಸಕ್ಕೂ ಇನ್ನೊಂದನ್ನು ಹೊಳಪಿಗೂ ಮೀಸಲಿಡಬಹುದು.

ಪೀಪಾಯಿ ರಬ್ಬರಿನದಾಗಿರಲಿ. ಗಟ್ಟಿ ಪ್ಲಾಸ್ಟಿಕ್ಕಿನದು ಹಗಲೂ ರಾತ್ರಿ ತಗಡಿನ ಮೇಲೆ ಜಲ್ಲಿ ಸುರಿದಂತೆ ಸದ್ದು ಮಾಡುತ್ತದೆ. ಮೂರನೆಯ ದಿನ ಮನೆಯವರೇ ಸ್ವಿಚ್ ಆರಿಸುತ್ತಾರೆ! ರಬ್ಬರು ಸದ್ದನ್ನು ನುಂಗುತ್ತದೆ, ಕಲ್ಲಿಗೆ ಬೀಳುವ ಪೆಟ್ಟನ್ನೂ ಮೆತ್ತಗೆ ಮಾಡುತ್ತದೆ. ಒಳಗೋಡೆ ಪೂರ್ತಿ ದುಂಡಗಿರದೆ ಪಟ್ಟಿ ಪಟ್ಟಿಯಾಗಿದ್ದರೆ ಕಲ್ಲು ಜಾರದೆ ಚೆನ್ನಾಗಿ ಮಗುಚುತ್ತದೆ.

ಮೋಟರಿನ ಮೇಲೆ 220-240 ವೋಲ್ಟ್, 50 ಹರ್ಟ್ಸ್ ಎಂದು ಬರೆದಿದೆಯೇ ನೋಡಿ. ಅಮೆರಿಕದ 110 ವೋಲ್ಟಿನ ಯಂತ್ರವನ್ನು ನೆಂಟರು ತಂದುಕೊಟ್ಟರೆ ನೇರವಾಗಿ ನಮ್ಮ ಪ್ಲಗ್ಗಿಗೆ ಸಿಕ್ಕಿಸಬಾರದು, ಸುಟ್ಟುಹೋಗುತ್ತದೆ. ವಾರಗಟ್ಟಲೆ ನಿಲ್ಲದೆ ಓಡಲು ತಯಾರಾದ ಮೋಟರೇ ಎಂದು ಕೇಳಿ ತಿಳಿಯಿರಿ. ಬೆಲ್ಟು ಸವೆಯುವ ವಸ್ತು. ಬದಲಿ ಬೆಲ್ಟು, ಬದಲಿ ಮುಚ್ಚಳ, ಸಾಣೆಪುಡಿ ಇವು ಬಿಡಿಯಾಗಿ ಸಿಗುತ್ತವೆಯೇ ಎಂಬುದನ್ನು ಹಣ ಕೊಡುವ ಮುಂಚೆಯೇ ವಿಚಾರಿಸಬೇಕು. ಡಬ್ಬದೊಡನೆ ಬರುವ ಪುಡಿ ಸಾಮಾನ್ಯವಾಗಿ ಒಂದೆರಡು ಸಲಕ್ಕೆ ಮುಗಿಯುತ್ತದೆ. ಆಮೇಲೆ ಪುಡಿ ಸಿಗದಿದ್ದರೆ ಯಂತ್ರ ಇದ್ದೂ ಇಲ್ಲದಂತೆ.

ವೇಗದ ಲೆಕ್ಕ

ಕೆಲವು ಯಂತ್ರಗಳಲ್ಲಿ ವೇಗ ಹೆಚ್ಚು ಕಡಿಮೆ ಮಾಡುವ ಗುಂಡಿಯಿರುತ್ತದೆ. ಜೋರಾಗಿ ಸುತ್ತಿದರೆ ಬೇಗ ಮುಗಿಯುತ್ತದೆ ಎಂದು ಮಕ್ಕಳಿಗೆ ಅನ್ನಿಸುವುದು ಸಹಜ. ಪಿಯುಸಿ ವಿದ್ಯಾರ್ಥಿಗಳು ಈ ಲೆಕ್ಕ ಹಾಕಿ ನೋಡಲಿ. ಪೀಪಾಯಿಯ ಒಳವ್ಯಾಸ 10 ಸೆಂ.ಮೀ. ಎಂದಿಟ್ಟುಕೊಂಡರೆ ತ್ರಿಜ್ಯ 0.05 ಮೀಟರ್. ಕಲ್ಲು ಗೋಡೆಗೆ ಅಂಟಿಕೊಂಡೇ ಪೂರ್ತಿ ಸುತ್ತು ಬರಬೇಕಾದರೆ ತುತ್ತತುದಿಯಲ್ಲಿ ಅದರ ತೂಕವೇ ಕೇಂದ್ರಾಭಿಮುಖ ಬಲಕ್ಕೆ ಸಮನಾಗಬೇಕು. ಆಗ ಕೋನವೇಗದ ವರ್ಗ 9.8 ಭಾಗಿಸು 0.05, ಅಂದರೆ 196. ಅದರ ವರ್ಗಮೂಲ 14. ಸೆಕೆಂಡಿಗೆ 14 ರೇಡಿಯನ್ ಎಂದರೆ ನಿಮಿಷಕ್ಕೆ ಸುಮಾರು 134 ಸುತ್ತು. ಆ ವೇಗದಲ್ಲಿ ವಾಷಿಂಗ್ ಮೆಷಿನ್ನಿನಲ್ಲಿ ಬಟ್ಟೆ ಅಂಟುವಂತೆ ಕಲ್ಲು ಗೋಡೆಗೆ ಅಂಟುತ್ತದೆ, ಉಜ್ಜಾಟವೇ ಇಲ್ಲ. ಅದಕ್ಕಿಂತ ಸ್ವಲ್ಪ ಕಡಿಮೆಯಾದರೆ ಕಲ್ಲು ಮೇಲಿನಿಂದ ಧೊಪ್ಪನೆ ಬಿದ್ದು ಬಿರುಕು ಬಿಡುತ್ತದೆ. ಮನೆಯ ಯಂತ್ರಗಳು ನಿಮಿಷಕ್ಕೆ 30ರಿಂದ 60 ಸುತ್ತಿನ ಆಸುಪಾಸಿನಲ್ಲಿ ಓಡುವುದು ಇದಕ್ಕಾಗಿಯೇ. ಕಲ್ಲುಗಳು ಬೀಳಬಾರದು, ಒಂದರ ಮೇಲೊಂದು ಜಾರಬೇಕು.

ನಾಲ್ಕು ವಾರ, ನಾಲ್ಕು ಪುಡಿ

ಅಡಕೆಯ ಗಾತ್ರದ ಕಲ್ಲುಗಳು, ಅವುಗಳ ಸಂದಿಗೆ ಕಾಫಿಬೀಜದ ಗಾತ್ರದ ಚೂರುಗಳು, ನಡುನಡುವೆ ನೆಲ್ಲಿಕಾಯಿಯಷ್ಟು ದೊಡ್ಡವು ನಾಲ್ಕೈದು. ಹೀಗೆ ಬೆರೆಸಿ ಪೀಪಾಯಿಯ ಮೂರನೆಯ ಎರಡು ಭಾಗ ತುಂಬಬೇಕು. ಮೇಲಿನ ಪದರದ ಕಲ್ಲುಗಳ ಬುಡ ಮುಟ್ಟುವಷ್ಟು ನೀರು. ಒಂದೂವರೆ ಕಿಲೋದ ಪೀಪಾಯಿಗೆ ನಾಲ್ಕು ದೊಡ್ಡ ಚಮಚದಷ್ಟು ಸಾಣೆಪುಡಿ. ಈ ಪುಡಿ ಸಿಲಿಕಾನ್ ಕಾರ್ಬೈಡ್. ಅಮೆರಿಕದ ಎಡ್ವರ್ಡ್ ಅಚೆಸನ್ 1891ರಲ್ಲಿ ವಿದ್ಯುತ್ ಕುಲುಮೆಯಲ್ಲಿ ಕಂಡುಕೊಂಡ, ಕಾರ್ಬೊರಂಡಂ ಎಂದು ಹೆಸರಾದ ವಸ್ತು. ಅದರ ಗಡಸುತನ 9ಕ್ಕೂ ಮೇಲೆ, ಆದ್ದರಿಂದ ಬೆಣಚುಕಲ್ಲನ್ನೂ ಸವೆಸುತ್ತದೆ.

ಮೊದಲ ವಾರ 60ರಿಂದ 90 ನಂಬರಿನ ದಪ್ಪ ಪುಡಿ, ಎರಡನೆಯ ವಾರ 120ರಿಂದ 220, ಮೂರನೆಯ ವಾರ 500ರ ನಯವಾದ ಪುಡಿ, ನಾಲ್ಕನೆಯ ವಾರ ಅಲ್ಯುಮಿನಿಯಂ ಆಕ್ಸೈಡ್ ಅಥವಾ ಸೀರಿಯಂ ಆಕ್ಸೈಡಿನ ಹೊಳಪು ಪುಡಿ. ಮೂಲೆಗಳು ಹೋಗದಿದ್ದರೆ ಮೊದಲ ಹಂತವನ್ನೇ ಇನ್ನೊಂದು ವಾರ ಮುಂದುವರಿಸಬೇಕು. ಹೊಳೆಯ ಗುಂಡುಕಲ್ಲಿಗೆ ಈ ಹಂತ ಬೇಗ ಮುಗಿಯುತ್ತದೆ, ನದಿಯೇ ಅರ್ಧ ಕೆಲಸ ಮಾಡಿರುತ್ತದೆ. ಹಂತ ಬದಲಿಸುವಾಗ ಕಲ್ಲು, ಪೀಪಾಯಿ, ಮುಚ್ಚಳದ ಸಂದಿ, ಕೈಯ ಉಗುರು ಎಲ್ಲವನ್ನೂ ಚೆನ್ನಾಗಿ ತೊಳೆಯಬೇಕು. ದಪ್ಪ ಪುಡಿಯ ಒಂದೆರಡು ಕಣ ಕೊನೆಯ ಹಂತಕ್ಕೆ ಸೇರಿದರೂ ಗೀರುಬಿದ್ದು ಮೂರು ವಾರದ ಶ್ರಮ ನೀರುಪಾಲು.

ಪ್ರತಿ ಹಂತಕ್ಕೂ ಮುಂಚೆ ಮತ್ತು ಆಮೇಲೆ ಒಣಗಿದ ಕಲ್ಲುಗಳನ್ನು ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ತೂಗಿ ನೋಟ್‌ಬುಕ್ಕಿನಲ್ಲಿ ಬರೆದಿಡಲಿ. ಮೊದಲ ವಾರ ಎಷ್ಟು ಗ್ರಾಂ ಹೋಯಿತು, ಕೊನೆಯ ವಾರ ಎಷ್ಟು? ಗ್ರಾಫ್ ಹಾಳೆಯಲ್ಲಿ ಗೆರೆ ಎಳೆದರೆ ವಿಜ್ಞಾನ ಮೇಳಕ್ಕೆ ಒಳ್ಳೆಯ ಪ್ರಯೋಗವೇ ಸಿದ್ಧ. ನಿಮಿಷಕ್ಕೆ 30 ಸುತ್ತಿನಂತೆ 28 ದಿನಕ್ಕೆ ಪೀಪಾಯಿ ಹನ್ನೆರಡು ಲಕ್ಷಕ್ಕೂ ಹೆಚ್ಚು ಸಲ ಉರುಳುತ್ತದೆ. ಒಂದು ಹೊಳೆವ ಕಲ್ಲಿನ ಬೆಲೆ ಅದು!

ಕರೆಂಟು ಮತ್ತು ಮಳೆ

ಮೋಟರು 20 ವಾಟಿನದಾದರೆ 28 ದಿನ ಹಗಲೂ ರಾತ್ರಿ ಓಡಿದರೂ ಖರ್ಚಾಗುವುದು ಹದಿಮೂರೂವರೆ ಯೂನಿಟ್ಟಿನಷ್ಟು. ಬಿಲ್ಲಿಗೆ ಹೆದರಬೇಕಾಗಿಲ್ಲ. ಹೆದರಬೇಕಾದದ್ದು ನಮ್ಮ ಮಳೆಗಾಲಕ್ಕೆ. ಲೈನಿನ ಮೇಲೆ ಮರ ಬಿದ್ದರೆ ದಿನಗಟ್ಟಲೆ ಕರೆಂಟಿಲ್ಲ. ಒಂದೆರಡು ಗಂಟೆ ನಿಂತರೆ ತೊಂದರೆಯಿಲ್ಲ. ದಿನಗಟ್ಟಲೆ ನಿಂತರೆ ಒಳಗಿನ ಕೆಸರು ಸಿಮೆಂಟಿನಂತೆ ಗಟ್ಟಿಯಾಗಿ ಕಲ್ಲುಗಳೆಲ್ಲ ಒಂದೇ ಮುದ್ದೆಯಾಗುತ್ತವೆ. ಅಂಥ ಹೊತ್ತಿನಲ್ಲಿ ಪೀಪಾಯಿ ಬಿಚ್ಚಿ ಕಲ್ಲುಗಳನ್ನು ತೊಳೆದಿಡಬೇಕು. ಹೊಸಬರು ಬೇಸಿಗೆ ರಜೆಯಲ್ಲಿ ಶುರುಮಾಡುವುದು ಒಳ್ಳೆಯದು. ರಜೆಯ ಮೊದಲ ವಾರ ಪೀಪಾಯಿ ತುಂಬಿದರೆ ಶಾಲೆ ಬಾಗಿಲು ತೆರೆಯುವ ಹೊತ್ತಿಗೆ ಕಲ್ಲು ಸಿದ್ಧ.

ಯಂತ್ರವನ್ನು ಮಲಗುವ ಕೋಣೆಯಲ್ಲಿಡಬೇಡಿ. ಇರಚಲು ಹೊಡೆಯದ, ಗಾಳಿಯಾಡುವ ಹಿಂಜಗಲಿ ಸೂಕ್ತ. ಮೋಟರಿನ ಮೇಲೆ ಬಟ್ಟೆ ಮುಚ್ಚಬಾರದು. ದಿನಕ್ಕೊಮ್ಮೆ ಪ್ಲಗ್ ತೆಗೆದು, ಮುಚ್ಚಳ ಸಡಿಲಿಸಿ ಒಳಗಿನ ಗಾಳಿ ಬಿಡಬೇಕು.

ದೂಳು ಬೇಡ, ಕೆಸರು ಹೊಳೆಗೆ ಬೇಡ

ಬೆಣಚುಕಲ್ಲಿನ ಒಣ ದೂಳು ಶ್ವಾಸಕೋಶಕ್ಕೆ ಸೇರಿದರೆ ಸಿಲಿಕೋಸಿಸ್ ಎಂಬ ವಾಸಿಯಾಗದ ರೋಗ ಬರುತ್ತದೆ. ಖಂಭಾತ್‌ನಲ್ಲಿ ಒಣ ಸಾಣೆಯ ಮುಂದೆ ಕುಳಿತು ನಮಗೆ ಚೆಂದದ ಮಣಿ ಮಾಡಿಕೊಟ್ಟ ಎಷ್ಟೋ ಕೆಲಸಗಾರರು ಈ ರೋಗಕ್ಕೆ ಬಲಿಯಾಗಿದ್ದಾರೆ. ಪೀಪಾಯಿಯೊಳಗೆ ನೀರಿರುವುದರಿಂದ ದೂಳು ಏಳುವುದಿಲ್ಲ. ಆದರೆ ಹೊರಗೆ ಚೆಲ್ಲಿದ ಕೆಸರು ಒಣಗಿದ ಮೇಲೆ ಗುಡಿಸಬಾರದು, ಒದ್ದೆ ಬಟ್ಟೆಯಿಂದ ಒರೆಸಬೇಕು. ಕಲ್ಲನ್ನು ಒಣದಾಗಿ ಉಜ್ಜುವುದು, ಕುಟ್ಟುವುದು ಬೇಡವೇ ಬೇಡ. ಕೆಸರನ್ನು ಸಿಂಕಿಗೆ ಸುರಿದರೆ ಪೈಪು ಕಟ್ಟಿಕೊಳ್ಳುತ್ತದೆ. ಹಳೆಯ ಬಕೆಟ್ಟಿನಲ್ಲಿ ತಿಳಿಯಾಗಲು ಬಿಟ್ಟು, ಗಸಿಯನ್ನು ಹಳ್ಳದಿಂದ ದೂರದಲ್ಲಿ ಗುಂಡಿ ತೋಡಿ ಮುಚ್ಚಿ.

ಕಲ್ಲು ಎಲ್ಲಿಂದ ತರಬೇಕೆಂಬುದೂ ಯೋಚಿಸಬೇಕಾದ ವಿಷಯ. ಕುದುರೆಮುಖ ರಾಷ್ಟ್ರೀಯ ಉದ್ಯಾನ, ಭದ್ರಾ ಅಭಯಾರಣ್ಯ ನಮ್ಮ ಮಗ್ಗುಲಲ್ಲೇ ಇವೆ. ಕಾಡಿನೊಳಗಿನ ಕಲ್ಲು ಕೂಡ ಕಾನೂನಿನ ಕಣ್ಣಿನಲ್ಲಿ ಅರಣ್ಯ ಉತ್ಪನ್ನ. ಅಲ್ಲಿಂದ ಒಂದು ಚೂರೂ ತರುವಂತಿಲ್ಲ. ಶೃಂಗೇರಿಯ ಸ್ನಾನಘಟ್ಟದ ಮೀನುಗಳನ್ನು ಕಾಯುವ ಊರಿನವರು ನಾವು. ಅಲ್ಲಿನ ಕಲ್ಲನ್ನೂ ಹಾಗೆಯೇ ಬಿಡೋಣ. ಹೊಳೆಯ ಕಲ್ಲನ್ನು ಮಗುಚಿ ನೋಡಿದರೆ ಅಡಿಯಲ್ಲಿ ನೀರ್ಕೀಟಗಳ ಮರಿಗಳು ಅಂಟಿಕೊಂಡಿರುತ್ತವೆ, ಅವೇ ಮೀನಿನ ಆಹಾರ. ತೋಟದ ಅಗಳು, ಬಾವಿ ತೋಡಿದ ರಾಶಿ, ಮನೆ ಕಟ್ಟಿ ಉಳಿದ ಜಲ್ಲಿ, ಇವುಗಳಲ್ಲಿ ಹುಡುಕಿದರೆ ಒಂದು ಪೀಪಾಯಿಗೆ ಬೇಕಾದಷ್ಟು ಸಿಗುತ್ತದೆ. ಹೊಳೆಯ ದಂಡೆಗೆ ಹೋಗುವುದಾದರೆ ದೊಡ್ಡವರೊಂದಿಗೇ ಹೋಗಿ. ಪಾಚಿಗಲ್ಲು, ಮಡುವುಗಳಿಗೆ ಈಜು ಬರುವವರು, ಬಾರದವರು ಎಂಬ ಭೇದವಿಲ್ಲ.

ಒಂದು ಮನೆಗೆ ಒಂದು ಯಂತ್ರ ಬೇಕೆಂದೂ ಇಲ್ಲ. ಒಂದು ಶಾಲೆಯ ವಿಜ್ಞಾನ ಸಂಘಕ್ಕೆ ಒಂದೂವರೆ ಕಿಲೋದ ಎರಡು ರಬ್ಬರ್ ಪೀಪಾಯಿಗಳ ಯಂತ್ರವೊಂದು ಇದ್ದರೆ ಒಂಬತ್ತನೆಯ ತರಗತಿಯ ಮಕ್ಕಳೆಲ್ಲ ಸರದಿಯಂತೆ ತೂಗಿ, ತೊಳೆದು, ಬರೆದು ಕಲಿಯಬಹುದು. ಪೋಷಕರು ಸೇರಿ ಕೊಟ್ಟರೆ ತಲೆಗೆ ಬೀಳುವುದು ಅಲ್ಪ ಮೊತ್ತ. ಬಟನ್ ಒತ್ತಿದೊಡನೆ ಎಲ್ಲವೂ ಬೇಕೆನ್ನುವ ಕಾಲದಲ್ಲಿ ನಾಲ್ಕು ವಾರ ಕಾಯುವುದನ್ನು ಕಲಿಸುವ ಯಂತ್ರ ಅಗ್ಗವೆಂದೇ ಹೇಳಬೇಕು. ವಾಟರ್ ಪೇಪರಿನ ನಾಲ್ಕು ಹಾಳೆಗಳಿಂದ ಶುರುಮಾಡಿ.